ಶುಕ್ರವಾರಕ್ಕೆ ಬರೆದಿಟ್ಟ ಮೀನು ಸಂತೆ

ಜನವರಿ ೩೦, ಶುಕ್ರವಾರ, ಬೆಳಿಗ್ಗೆ ಹತ್ತೂಕಾಲು. ಒಮಾನ್‌ನ ಸೀಬ್‌ನಲ್ಲಿರುವ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಬರೆಯಲು ಕುಳಿತಿದ್ದೇನೆ. ಅಪ್ಪ ಹಾಲಿನಲ್ಲಿ ಚಾಪೆ ಹಾಸಿ ಮಲಗಿದ್ದಾರೆ. ಅಮ್ಮ ಅಡುಗೆಮನೆಯಲ್ಲಿ ಅಂಜಲ್ ಮೀನು ತೊಳೆಯುತ್ತಿದ್ದಾಳೆ. ಏಪ್ರಿಲ್‌ನಲ್ಲಿ ನಾವು ಜರ್ಮನಿಯ ಹ್ಯಾಂಬರ್ಗ್ ನೋಡಲು ಹೋಗುವವರು. ನಾಲ್ಕು ದಿನದ ಪ್ರವಾಸ. ಅದರ ಯೋಜನೆ ಮಾಡುತ್ತಾ ಮೂರು ತಿಂಗಳಾಗುತ್ತಾ ಬಂತು. ಇನ್ನೂ ಹೋಗಿಲ್ಲದ ಊರಿನಿಂದ ಈಗಾಗಲೇ ದಣಿದು ವಾಪಸು ಬಂದ ಹಾಗಿದೆ ನನಗೆ.

ಹ್ಯಾಂಬರ್ಗ್ ಯಾಕೆ ಎಂದು ಆಫೀಸಿನಲ್ಲಿ ಎಲ್ಲರೂ ಕೇಳಿದರು. ಇಲ್ಲಿಂದ ಹೋಗುವವರು ಪ್ಯಾರಿಸ್ ಅನ್ನುತ್ತಾರೆ, ಸ್ವಿಟ್ಜರ್ಲೆಂಡ್ ಅನ್ನುತ್ತಾರೆ. ನಮ್ಮದು ಒಂದು ಫೋಟೋದ ಕಾರಣ. ಅಮ್ಮನ ಅಣ್ಣ, ನನಗೆ ಮಾವ, ಹಡಗಿನ ಎಂಜಿನ್ ಕೋಣೆಯಲ್ಲಿ ಫಿಟ್ಟರ್ ಆಗಿದ್ದವರು. ಮದುವೆಯಾಗಲಿಲ್ಲ. ಸಣ್ಣ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಅಮ್ಮನನ್ನು ಓದಿಸಿದ್ದು, ಮದುವೆ ಮಾಡಿಸಿದ್ದು, ಆಮೇಲೆ ಯಾರದೋ ಪರಿಚಯ ಹಿಡಿದು ಅಪ್ಪನಿಗೆ ಒಮಾನ್‌ನ ವೀಸಾ ಕೊಡಿಸಿದ್ದು, ಎಲ್ಲ ಅವರೇ. ಫೋಟೋದಲ್ಲಿ ಅವರಿಗೆ ಇಪ್ಪತ್ತೈದು ದಾಟಿರಲಾರದು. ಯಾರದೋ ಕೋಟು ಹಾಕಿಕೊಂಡಿದ್ದಾರೆ, ತೋಳು ಬೆರಳಿನ ತುದಿಯವರೆಗೆ ಇಳಿದಿದೆ. ಕೈಯಲ್ಲಿ ಕಂದು ಬಣ್ಣದ ಉದ್ದನೆಯ ಮೀನು. ಹಿಂದೆ ಕೆಂಪು ಇಟ್ಟಿಗೆಯ ಕಮಾನು, ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಸರಪಳಿ ಕಟ್ಟಿದ ಒಂದು ಕಬ್ಬಿಣದ ಕಂಬ. ಹ್ಯಾಂಬರ್ಗ್‌ನ ಮೀನು ಸಂತೆ, ಬೆಳಗಿನ ಹೊತ್ತು ಎಂದು ಅವರೇ ಹೇಳಿದ್ದು. ಊರಿಗೆ ಬಂದಾಗಲೆಲ್ಲ ಹೇಳುತ್ತಿದ್ದರು. ಹೆಂಗಸರಿಗಿಂತ ಗಂಡಸರೇ ಅಲ್ಲಿ ಹೆಚ್ಚು ಬೊಬ್ಬೆ ಹಾಕಿ ಮೀನು ಮಾರುತ್ತಾರಂತೆ. ಒಂದು ಸಲ ನಿನಗೂ ತೋರಿಸುತ್ತೇನೆ ಎಂದು ತಂಗಿಗೆ ಮಾತು ಕೊಟ್ಟಿದ್ದರು.

ಅಮ್ಮ ಆ ಫೋಟೋ ನೋಡಿದಾಗಲೆಲ್ಲ ಒಂದೇ ಮಾತು ಹೇಳುತ್ತಾಳೆ. "ಮೀನು ಹಿಡ್ಕೊಂಡು ನಿಂತ ಚಂದ ನೋಡು. ಊರಲ್ಲಿ ಒಂದು ದಿನ ಬಂಗುಡೆ ತಂದವನಲ್ಲ."

ವಿಮಾನಗಳೆಲ್ಲ ನಿಂತುಹೋಗಿದ್ದ ವರ್ಷ ಮಾವ ತೀರಿಕೊಂಡರು. ಅಮ್ಮನಿಗೆ ಹೋಗಲಾಗಲಿಲ್ಲ. ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ಊರಿನಿಂದ ಫೋನಿನಲ್ಲಿ ತೋರಿಸಿದರು. ನಡುವೆ ನೆಟ್‌ವರ್ಕ್ ಹೋಗಿ, ಮತ್ತೆ ಬಂದಾಗ ಮಾವನಿಗೆ ಬಡಿಸಿದ ಎಲೆ ಎತ್ತಿಯಾಗಿತ್ತು. ಅಂದು ಅಮ್ಮ ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ ಪಾತ್ರೆ ತೊಳೆಯಲು ಹೋದಳು ಎಂದು ನನ್ನ ಡೈರಿಯಲ್ಲಿದೆ. ಬೇರೇನೂ ಬರೆದಿಲ್ಲ.

ಆಮೇಲೆ ಪ್ರತಿವರ್ಷ ತುಳುವರ ಆಟಿ ತಿಂಗಳಲ್ಲಿ, ಜುಲೈ-ಆಗಸ್ಟ್‌ನ ನಡುವೆ, ಮಾವನಿಗೆ ಇಲ್ಲಿಯೇ ಬಡಿಸುತ್ತೇವೆ. ಸತ್ತವರಿಗೆ ಅವರಿಗಿಷ್ಟವಾದದ್ದನ್ನು ಎಲೆಯ ಮೇಲೆ ಬಡಿಸಿ, ಬಾಗಿಲು ಎಳೆದುಕೊಂಡು, ಅವರು ಉಣ್ಣುವವರೆಗೆ ಹೊರಗೆ ನಿಲ್ಲುವುದು ನಮ್ಮ ಕಡೆಯ ಕ್ರಮ. ಅಮ್ಮ ಅಡುಗೆ ಮಾಡುತ್ತಾಳೆ, ಬಡಿಸುವುದು ಅಪ್ಪ. ಹೆಂಗಸರು ಬಡಿಸುವ ರೂಢಿ ನಮ್ಮ ಮನೆಯಲ್ಲಿಲ್ಲ. ಫ್ಲ್ಯಾಟಿನ ಬಾಗಿಲು ಎಳೆದುಕೊಂಡು ಮೂವರೂ ಲಿಫ್ಟಿನ ಎದುರು ನಿಲ್ಲುತ್ತೇವೆ. ಎದುರು ಮನೆಯ ಪಾಕಿಸ್ತಾನಿ ಮಹಿಳೆ ಒಮ್ಮೆ ನಮ್ಮನ್ನು ನೋಡಿ ಕೀಲಿ ಮರೆತಿರಾ ಎಂದು ಹಿಂದಿಯಲ್ಲಿ ಕೇಳಿದ್ದರು. ಹೌದು ಎಂದೆವು. ಪಾಪ, ಒಳಗೆ ಕರೆದು ಚಹಾ ಕೊಟ್ಟರು. ಮಾವ ಆ ವರ್ಷ ಸಾವಕಾಶವಾಗಿ ಉಂಡಿರಬೇಕು.

ಈ ಬಡಿಸುವುದೂ ಶುಕ್ರವಾರವೇ. ಅಪ್ಪ ಇಲ್ಲಿಂದ ಎರಡು ಗಂಟೆಯ ದಾರಿಯ ಸಹಮ್‌ನಲ್ಲಿ ಕಟ್ಟಡ ಸಾಮಾನಿನ ಅಂಗಡಿ ನೋಡಿಕೊಳ್ಳುತ್ತಾರೆ. ಗುರುವಾರ ಸಂಜೆ ಬಂದು ಶನಿವಾರ ಸಂಜೆ ಹೋಗುತ್ತಾರೆ. ಕಳೆದ ವರ್ಷ ಅವರು ಮನೆಯಲ್ಲಿದ್ದ ಶುಕ್ರವಾರಗಳು ನಲವತ್ತಾರು. ಲೆಕ್ಕ ಇಡುವುದು ನನ್ನ ಅಭ್ಯಾಸ, ಯಾರಿಗೂ ಉಪಯೋಗವಿಲ್ಲ. ನಮ್ಮ ಮನೆಯಲ್ಲಿ ಹುಟ್ಟುಹಬ್ಬ, ಪೂಜೆ, ಜಗಳ, ಮೀನು ತರುವುದು ಎಲ್ಲವೂ ಶುಕ್ರವಾರ. ಸತ್ತವರೂ ಶುಕ್ರವಾರ ನೋಡಿಯೇ ಬರಬೇಕು.

ಕಳೆದ ನವೆಂಬರ್‌ನ ಒಂದು ಶುಕ್ರವಾರ ಊಟ ಮುಗಿಸಿ ಕೈ ತೊಳೆಯುತ್ತಾ ಅಮ್ಮ ಹೇಳಿದಳು: "ನನ್ನ ಮೊಣಕಾಲಿನ ಗಂಟು ಇನ್ನೂ ಸ್ವಲ್ಪ ನಡೀತದೆ. ಅಲ್ಲಿಗೆ ಒಮ್ಮೆ ಹೋಗ್ಲಿಕ್ಕೆ ಆಗ್ತದಾ ನೋಡು ಮಗಳೇ. ಆ ಸಂತೆಯಲ್ಲಿ ಒಂದು ಮೀನು ತಕ್ಕೊಂಡು, ಅವನು ನಿಂತ ಜಾಗದಲ್ಲೇ ಅವನಿಗೆ ಬಡಿಸ್ಬೇಕು ಅಂತ ಉಂಟು ನನಗೆ. ಬೊಜ್ಜ ಅಂತೂ ನಾನು ಕಾಣಲಿಲ್ಲ."

ಅಮ್ಮ ತನಗಾಗಿ ಏನನ್ನೂ ಕೇಳಿದವಳಲ್ಲ. ಅಪ್ಪ ನನ್ನ ಮುಖ ನೋಡಿದರು. ನಾನು ಡೈರಿ ತೆರೆದೆ.

ಅಂದಿನಿಂದ ನಾನು ಮಧ್ಯಾಹ್ನದ ಬಿಡುವಿನಲ್ಲಿ ಆಫೀಸಿನ ಪಾರ್ಕಿಂಗ್‌ನಲ್ಲಿ, ಕಾರಿನ ಏಸಿ ಹಾಕಿಕೊಂಡು, ಹ್ಯಾಂಬರ್ಗ್‌ನ ಬೀದಿಗಳಲ್ಲಿ ಫೋನಿನಲ್ಲೇ ನಡೆಯತೊಡಗಿದೆ. ಎಡಗೈಯಲ್ಲಿ ಡಬ್ಬಿಯ ಅನ್ನ, ಬಲಗೈ ಬೆರಳಿನಲ್ಲಿ ಎಲ್ಬೆ ನದಿಯ ದಡ. ಮಾವನ ಮೆಟ್ಟಿಲು ಹುಡುಕುವುದು ನನ್ನ ಕೆಲಸ. ಕೆಂಪು ಇಟ್ಟಿಗೆಯ ಕಟ್ಟಡಗಳು ಆ ಊರಿನಲ್ಲಿ ಎಷ್ಟಿವೆಯೆಂದರೆ ಹುಡುಕಿ ಹುಡುಕಿ ಕಣ್ಣಿಗೆ ತುಕ್ಕು ಹಿಡಿದ ಹಾಗಾಯಿತು. ಮೀನು ಸಂತೆಯ ಹತ್ತಿರ ದೊಡ್ಡದೊಂದು ಹಳೆಯ ಹರಾಜಿನ ಕಟ್ಟಡವಿದೆ. ಅದರ ಸುತ್ತ ಎರಡು ಕಡೆ ಮೆಟ್ಟಿಲಿನಂತೆ ಏನೋ ಕಾಣುತ್ತದೆ. ಒಂದರ ಮುಂದೆ ಲಾರಿ ನಿಂತಿದೆ. ಚಿತ್ರದಲ್ಲಿ ನಿಂತ ಲಾರಿ ಎಂದೂ ಕದಲುವುದಿಲ್ಲ.

ಯೋಜನೆ ಏಳು ಸಲ ಬದಲಾಯಿತು. ಅಮ್ಮನಿಗೆ ಹತ್ತಲಾಗದ ಗೋಪುರಗಳನ್ನು ತೆಗೆದೆ. ಅಪ್ಪನಿಗಾಗಿ ನದಿಯ ಅಡಿಯಲ್ಲಿ ಹೋಗುವ ಹಳೆಯ ಸುರಂಗವನ್ನು ಸೇರಿಸಿದೆ. ಅದಕ್ಕೆ ಲಿಫ್ಟ್ ಇದೆ. ಹಳೆಯ ಗೋದಾಮುಗಳ ಬೀದಿ, ದೋಣಿಯ ಮೇಲೆ ಒಂದು ಸುತ್ತು, ಒಂದು ದೊಡ್ಡ ಇಗರ್ಜಿ. ಪ್ರತಿಯೊಂದರ ಮುಂದೆ ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಕುಳಿತುಕೊಳ್ಳಲು ಬೆಂಚು ಉಂಟೋ ಇಲ್ಲವೋ ಎಂದು ಬರೆದೆ. ಅಪ್ಪನಿಗೆ ಬುಧವಾರ ಮತ್ತು ಗುರುವಾರ ಮಾತ್ರ ರಜೆ. ಶುಕ್ರ, ಶನಿ ಹೇಗೂ ಅವರದೇ. ಅಂಗಡಿಯ ಬೀಗದ ಕೈ ಅವರ ಹತ್ತಿರ ಇರುವುದರಿಂದ ಭಾನುವಾರ ಬೆಳಿಗ್ಗೆ ಸಹಮ್‌ನಲ್ಲಿ ಇರಲೇಬೇಕು. ಹಾಗಾಗಿ ಬುಧವಾರ ಮಧ್ಯಾಹ್ನ ಇಳಿಯುವುದು, ಶನಿವಾರ ಹೊರಡುವುದು. ನಡುವಿನ ಶುಕ್ರವಾರ ಬೆಳಿಗ್ಗೆಗೆ ಮೀನು ಸಂತೆ. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದೆ.

ಮೀನು ಸಂತೆಯ ಹೊತ್ತನ್ನು ಮಾತ್ರ ನಾನು ನೋಡಲಿಲ್ಲ. ಮೀನಿನ ಮಾರ್ಕೆಟ್ಟಿಗೆ ಹೋಗಲು ಯಾರಾದರೂ ಸಮಯ ಹುಡುಕುತ್ತಾರೆಯೇ? ಸೀಬ್‌ನ ಮೀನಿನ ಮಾರ್ಕೆಟ್ಟಿಗೆ ದಿನಾ ಬೆಳಿಗ್ಗೆ ಮೀನು ಬರುತ್ತದೆ, ಶುಕ್ರವಾರ ಇನ್ನೂ ಹೆಚ್ಚು. ಹುಟ್ಟಿದಾಗಿನಿಂದ ಕಂಡದ್ದು ಅದೇ. ಸಂತೆ ಎಂದರೆ ರಜೆಯ ದಿನ, ರಜೆ ಎಂದರೆ ಶುಕ್ರವಾರ.

ಜನವರಿ ೨೨ರ ಗುರುವಾರ ಸಂಜೆ ಅಮ್ಮನನ್ನು ಕರೆದುಕೊಂಡು ಸೂಕಿನ, ಅಂದರೆ ಇಲ್ಲಿನ ಪೇಟೆಯ, ಹಿಂದಿನ ಬೀದಿಯ ಟ್ರಾವೆಲ್ ಏಜೆನ್ಸಿಗೆ ಹೋದೆ. ಅಪ್ಪ ಆಗ ಸಹಮ್‌ನಿಂದ ಬರುವ ದಾರಿಯಲ್ಲಿದ್ದರು. ಏಜೆನ್ಸಿಯವರು ಉಪ್ಪಿನಂಗಡಿ ಕಡೆಯ ಬ್ಯಾರಿಗಳು. ನಾನು ಕಾಕ ಎಂದು ಕರೆಯುತ್ತೇನೆ. ನಾನು ಮಗುವಾಗಿ ಮೊದಲ ಸಲ ಊರಿಗೆ ಹೋದ ಟಿಕೆಟ್ಟೂ ಅವರೇ ಮಾಡಿದ್ದು. ಈ ಪ್ರವಾಸದ ಟಿಕೆಟ್ ಆಗಲೇ ಆಗಿತ್ತು. ವೀಸಾ ಅರ್ಜಿಯ ಜೊತೆಗೆ ಯೋಜನೆಯ ಪ್ರತಿ ಇಡಬೇಕು, ಅದಕ್ಕೇ ಹೋದದ್ದು.

ಅಮ್ಮ ಕುರ್ಚಿಯಲ್ಲಿ ಕುಳಿತ ಕೂಡಲೇ ಕೇಳಿದಳು: "ಬಾಳೆಲೆ ಬ್ಯಾಗಿನಲ್ಲಿ ಹಾಕಿದ್ರೆ ಅಲ್ಲಿ ಹಿಡೀತಾರಾ?"

"ಅಕ್ಕ, ನಿಮಗೆ ಮೂರು ಜನಕ್ಕೆ ವೀಸಾ ತೆಗೀವಾಗ್ಲೇ ನನ್ನ ತಲೆಕೂದಲು ಹೋಯ್ತು. ಬಾಳೆಲೆಗೆ ಎಲ್ಲಿಂದ ತೆಗೀಲಿ?"

"ನಿಮ್ಮ ಕೂದಲು ನಾನು ಸೀಬ್‌ಗೆ ಬರುವ ಮೊದಲೇ ಹೋಗಿತ್ತು."

ಕಾಕ ನಗುತ್ತಲೇ ನನ್ನ ಹಾಳೆಗಳನ್ನು ತಿರುವಿದರು. ಬೆರಳು ಒಂದು ಕಡೆ ನಿಂತಿತು.

"ತಂಗಿ, ಶುಕ್ರವಾರ ಬೆಳಿಗ್ಗೆ ಮೀನು ಸಂತೆ ಅಂತ ಬರೆದಿದ್ದಿ. ಇದೆಂತ, ನಮ್ಮ ಸೀಬ್ ಸೂಕಾ?"

"ಯಾಕೆ ಕಾಕ?"

"ಅಲ್ಲಿ ಶುಕ್ರವಾರ ಎಲ್ಲರಿಗೂ ಆಫೀಸ್ ಮಾರಾಯ್ತಿ. ನನಗೆ ಸಂತೆ ಎಂತ ದಿನ ಅಂತ ಗೊತ್ತಿಲ್ಲ. ಒಮ್ಮೆ ನೋಡು."

ಅಲ್ಲಿಯೇ ಫೋನಿನಲ್ಲಿ ನೋಡಿದೆ. ಭಾನುವಾರ ಮಾತ್ರ. ಬೆಳಗ್ಗೆ ಐದಕ್ಕೆ ಶುರು, ಒಂಬತ್ತೂವರೆಗೆ ಮುಗಿಯುತ್ತದೆ. ವಾರದ ಉಳಿದ ದಿನ ಆ ಜಾಗ ಬರಿಯ ಖಾಲಿ ಬಯಲು. ನನ್ನ ಯೋಜನೆಯ ಪ್ರಕಾರ ಆ ಹೊತ್ತಿಗೆ ನಾವು ಮೂವರೂ ಒಮಾನ್‌ಗೆ ವಾಪಸು ಬಂದು, ಅಪ್ಪ ಸಹಮ್‌ನ ದಾರಿ ಹಿಡಿದಿರುತ್ತಿದ್ದರು.

ಅಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಬೈಯಲಿಲ್ಲ. ಚೀಲ ಎತ್ತಿಕೊಂಡು "ಹೋಗುವ" ಅಂದಳು. ಕಾರಿನಲ್ಲಿ ಮೊದಲ ಸಿಗ್ನಲ್ ದಾಟಿದ ಮೇಲೆ ಹೇಳಿದಳು:

"ಅಣ್ಣ ಯಾವ ವಾರ ಅಂತ ಹೇಳಿರಲಿಲ್ಲ. ಹಡಗಿನಲ್ಲಿ ಇರುವವನಿಗೆ ಎಂತ ಭಾನುವಾರ, ಎಂತ ಶುಕ್ರವಾರ."

"ನಾನು ನೋಡ್ಬೇಕಿತ್ತಮ್ಮ."

"ನೀನು ಬೆಂಚು ಉಂಟಾ ಅಂತ ನೋಡ್ತಾ ಇದ್ದಿ." ಮುಂದಿನ ತಿರುವಿನಲ್ಲಿ ಮತ್ತೆ: "ಬಿಡು. ಖಾಲಿ ಬಯಲು ನೋಡ್ಲಿಕ್ಕೆ ಅಷ್ಟು ದೂರ ಯಾಕೆ? ಇಲ್ಲೇ ಬೇಕಾದಷ್ಟು ಉಂಟು."

ಮರುದಿನ ಊಟಕ್ಕೆ ಕುಳಿತಾಗ ಅಪ್ಪನಿಗೆ ವಿಷಯ ಹೇಳಿದೆ. ಅವರು ಮೀನಿನ ಮುಳ್ಳು ತೆಗೆಯುತ್ತಾ ಕೇಳಿಸಿಕೊಂಡರು. ಬೇರೆ ವಾರಕ್ಕೆ ದೂಡಲು ಆಗುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಏಪ್ರಿಲ್ ಕೊನೆಗೆ ಅಂಗಡಿಯ ಇನ್ನೊಬ್ಬ ಊರಿಗೆ ಹೋಗುವವನಿದ್ದಾನೆ. ಅವನು ಬರುವವರೆಗೆ ಅಪ್ಪ ಅಲ್ಲಾಡುವ ಹಾಗಿಲ್ಲ. ಆಮೇಲೆ ಬೇಸಿಗೆ. ಆಮೇಲೆ ಅಮ್ಮನ ಮೊಣಕಾಲಿಗೆ ಡಾಕ್ಟರು ಹೇಳಿದ ಆಪರೇಷನ್. ಅದರ ಆಚೆಗೆ ನಮ್ಮಲ್ಲಿ ಯಾರೂ ಯೋಜನೆ ಮಾಡುವುದಿಲ್ಲ.

"ಭಾನುವಾರ ಒಂದು ದಿನ ಯಜಮಾನ್ರತ್ರ ಕೇಳಿ ನೋಡ್ತೇನೆ," ಅಂದರು ಅಪ್ಪ.

ಇಷ್ಟು ವರ್ಷಗಳಲ್ಲಿ ಅಪ್ಪ ಭಾನುವಾರ ರಜೆ ಕೇಳಿದ್ದು ನನಗೆ ಗೊತ್ತಿಲ್ಲ. ವಾರದ ಸರಕು ಬರುವುದು ಅಂದೇ. ಸೋಮವಾರ ಸಹಮ್‌ನಿಂದ ಫೋನ್ ಮಾಡಿದರು. ಅಮ್ಮ ಸ್ಪೀಕರ್ ಹಾಕಿದಳು.

"ಕೇಳಿದ್ರಾ?"

"ಕೇಳಿದೆ."

"ಎಂತ ಹೇಳಿದ್ರು?"

"ಎರಡು ದಿನ ಕೊಟ್ಟದ್ದು ಕೊಟ್ಟಾಯ್ತು, ಖಲಾಸ್, ಅಂತ. ಬೈಲಿಲ್ಲ. ನಕ್ಕು ಹೇಳಿದ್ರು."

"ನಕ್ಕು ಹೇಳಿದ್ರೆ ಎಂತ, ಅಳ್ತಾ ಹೇಳಿದ್ರೆ ಎಂತ."

ಆ ಕಡೆಯಿಂದ ಫೋರ್ಕ್‌ಲಿಫ್ಟ್ ಹಿಂದೆ ಬರುವ ಸದ್ದು ಕೇಳುತ್ತಿತ್ತು. ಅದು ನಿಂತ ಮೇಲೆ ಅಪ್ಪ ಮಾತು ಮುಂದುವರಿಸಿದರು. "ನಾನು ಶನಿವಾರ ಒಬ್ಬನೇ ಬರ್ತೇನೆ. ನೀವಿಬ್ಬರು ಭಾನುವಾರದ ಸಂತೆ ಮುಗಿಸಿ ಬನ್ನಿ. ಟಿಕೆಟ್ ಬದಲಿಸ್ಲಿಕ್ಕೆ ಹೇಳು ಮಗಳತ್ರ."

"ನೀವಿಲ್ಲದೆ ಬಡಿಸುವುದು ಯಾರು?" ಅಮ್ಮ ಕೇಳಿದಳು. ಅವಳ ದನಿ ಸಣ್ಣದಾಗಿತ್ತು. ಮೂರು ದಿನದಿಂದ ಅವಳನ್ನು ತಿನ್ನುತ್ತಿದ್ದದ್ದು ಇದೇ ಎಂದು ನನಗೆ ಆಗ ಗೊತ್ತಾಯಿತು.

"ನೀನೇ ಬಡಿಸು. ನಿನ್ನ ಅಣ್ಣ ಅಲ್ವಾ?"

"ಹಾಗೆ ಆಗ್ತದಾ?"

"ಊರಲ್ಲಿ ಕೇಳಿದ್ರೆ ಆಗುವುದಿಲ್ಲ ಅಂತಾರೆ. ಹ್ಯಾಂಬರ್ಗ್‌ನಲ್ಲಿ ಯಾರು ಕೇಳ್ತಾರೆ?"

ಅಷ್ಟರಲ್ಲಿ ಅಪ್ಪನಿಗೆ ಗಿರಾಕಿ ಬಂದರು, ಫೋನ್ ಇಟ್ಟರು. ಮಂಗಳವಾರ, ಬುಧವಾರ ಆ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ. ನಾನು ಆಫೀಸಿನಲ್ಲಿ ಇನ್ನೂ ಒಂದು ದಿನ ರಜೆ ಕೇಳಿದೆ. ಎರಡು ಶನಿವಾರ ಬಂದು ಕೆಲಸ ಮಾಡುವುದಾದರೆ ಸರಿ ಎಂದರು. ಒಪ್ಪಿಕೊಂಡೆ. ಸಂಜೆ ಹೈವೇಯ ಟ್ರಾಫಿಕ್‌ನಲ್ಲಿ ನಿಂತಾಗ, ಈ ಪ್ರವಾಸ ಕೈಬಿಟ್ಟರೆ ಎಷ್ಟು ಹಗುರ ಎಂದೂ ಅನಿಸಿತು. ಹಾಗೆ ಅನಿಸಿದ್ದನ್ನೂ ಡೈರಿಯಲ್ಲಿ ಬರೆದಿದ್ದೇನೆ.

ನಿನ್ನೆ ಗುರುವಾರ ನಾನು ಆಫೀಸಿನಿಂದ ಬರುವಾಗ ಅಮ್ಮ ಸೀರೆ ಬದಲಿಸಿ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. "ಕಾಕನ ಅಂಗಡಿ ಮುಚ್ಚುವ ಮೊದಲು ಹೋಗುವ," ಅಂದಳು.

ಕಾಕ ನಮ್ಮಿಬ್ಬರ ವಾಪಸು ಟಿಕೆಟ್ಟನ್ನು ಭಾನುವಾರ ಮಧ್ಯಾಹ್ನಕ್ಕೆ ಬದಲಿಸಿದರು. ಸೋಮವಾರ ಬೆಳಗಿನ ಜಾವ ಇಲ್ಲಿ ಇಳಿಯುತ್ತೇವೆ. ಅಪ್ಪನದು ಶನಿವಾರವೇ ಉಳಿಯಿತು. ಮೂರು ಹೆಸರಿನ ಹಾಳೆ ಈಗ ಎರಡು ಹಾಳೆಯಾಯಿತು.

"ಒಟ್ಟಿಗೆ ಹೋಗಿ ಬೇರೆ ಬೇರೆ ಬರ್ತೀರಿ. ಅಲ್ಲಿ ಜಗಳ ಮಾಡ್ಲಿಕ್ಕೆ ಪ್ಲ್ಯಾನ್ ಉಂಟಾ ಅಂತ ವೀಸಾದವರು ಕೇಳಿದ್ರೆ ಎಂತ ಹೇಳ್ತೀರಿ ಅಕ್ಕ?"

"ಜಗಳ ಇಲ್ಲೇ ಮುಗಿಸಿ ಹೋಗ್ತೇವೆ ಅಂತ ಹೇಳ್ತೇನೆ," ಅಂದಳು ಅಮ್ಮ. ಆಮೇಲೆ ನಮ್ಮಿಬ್ಬರಿಗೂ ಅಲ್ಲದ ಹಾಗೆ, "ಅವರಿಗೆ ಒಬ್ಬರೇ ಬರುವಾಗ ನಡುವೆ ವಿಮಾನ ಬದಲಿಸ್ಲಿಕ್ಕೆ ಗೊತ್ತಾಗ್ತದಾ ಏನೋ," ಅಂದಳು.

ಅಪ್ಪ ನಿನ್ನೆ ಬಂದಾಗ ತಡವಾಗಿತ್ತು. ಹಾಗಾಗಿ ಇವತ್ತು ಬೆಳಿಗ್ಗೆ ದೋಸೆ ತಿನ್ನುವಾಗಲೇ ಎಂಟನೆಯ ಯೋಜನೆಯನ್ನು ಅವರಿಗೆ ಓದಿ ಹೇಳಿದ್ದು. ಶುಕ್ರವಾರದ ಬೆಳಿಗ್ಗೆ ಈಗ ಖಾಲಿ. ಅಂದು ಮೂವರೂ ಆ ಬಯಲಿಗೆ ಹೋಗಿ ಮೆಟ್ಟಿಲು ಹುಡುಕುವುದೆಂದು ಬರೆದೆ. ಜಾಗ ಗೊತ್ತುಮಾಡಿಕೊಂಡರೆ ಭಾನುವಾರ ಜನರ ನಡುವೆ ಅಮ್ಮನನ್ನು ನೇರ ಕರೆದುಕೊಂಡು ಹೋಗಬಹುದು. ಅಪ್ಪನೂ ಆ ಜಾಗ ನೋಡಿದ ಹಾಗಾಗುತ್ತದೆ.

"ಬಾಳೆಲೆ ಆಗುವುದಿಲ್ಲ ಅಂತೆ," ಅಮ್ಮ ಹೇಳಿದಳು.

"ಅವನಿಗೆ ಪೇಪರ್ ಪ್ಲೇಟೂ ಆಗ್ತದೆ. ಹಡಗಿನಲ್ಲಿ ಬಾಳೆಲೆ ಇತ್ತಾ?"

"ಬಾಗಿಲು?"

"ಬೆನ್ನು ಹಾಕಿ ನಿಲ್ಲು. ಅಷ್ಟೇ."

ಅಮ್ಮ ಅಪ್ಪನ ತಟ್ಟೆಗೆ ಇನ್ನೊಂದು ದೋಸೆ ಹಾಕಿದಳು. ಕಾವಲಿ ಇಳಿಸಿ, ಗ್ಯಾಸ್ ಆರಿಸಿ, ಎದುರಿನ ಕುರ್ಚಿಯಲ್ಲಿ ಕುಳಿತಳು. ಊಟ ತಿಂಡಿಯ ಹೊತ್ತಿನಲ್ಲಿ ಅವಳು ಹಾಗೆ ಕುಳಿತುಕೊಳ್ಳುವುದು ಅಪರೂಪ.

"ನೀವು ಬಡಿಸುವಾಗ ಎಂತದೋ ಹೇಳ್ತೀರಲ್ಲ, ತುಟಿ ಅಲ್ಲಾಡಿಸಿ. ಅದನ್ನು ನನಗೆ ಹೇಳಿಕೊಡಿ. ಬರೆದುಕೊಳ್ಳೋದಾದ್ರೆ ಇವಳು ಬರ್ಕೊಳ್ತಾಳೆ."

ಅಪ್ಪ ದೋಸೆಯ ಚೂರು ಕೈಯಲ್ಲೇ ಹಿಡಿದು ನಮ್ಮಿಬ್ಬರನ್ನೂ ನೋಡಿದರು. "ಎಂತದೂ ಇಲ್ಲ. ಬಾ ಭಾವ, ಉಣ್ಣು ಅಂತೇನೆ."

"ಅಷ್ಟೇಯಾ?"

"ಅಷ್ಟೇ. ಮತ್ತೆ, ಮೀನಿಗೆ ಉಪ್ಪು ಸ್ವಲ್ಪ ಕಡಿಮೆ ಆಗಿದ್ರೆ ಬೇಜಾರು ಮಾಡ್ಬೇಡ ಅಂತ."

"ನಾನು ಇಷ್ಟು ವರ್ಷ ಅದು ಮಂತ್ರ ಅಂತ ತಿಳ್ಕೊಂಡಿದ್ದೆ," ಅಂದಳು ಅಮ್ಮ. ನಕ್ಕಳು ಎಂದುಕೊಂಡೆ. ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಎದ್ದು ಮೀನಿನ ಚೀಲ ಬಿಚ್ಚಿದಳು. ಅಪ್ಪ ಚಾಪೆ ಹಾಸಿಕೊಂಡರು. ಅವರು ಸೂಕಿನಿಂದ ಅಂಜಲ್ ತಂದಾಗ ಇನ್ನೂ ಎಂಟಾಗಿರಲಿಲ್ಲ.

ಈಗ ಮಧ್ಯಾಹ್ನ. ಹುರಿದ ಮೀನಿನ ವಾಸನೆ ಬರುತ್ತಿದೆ, ಪಕ್ಕದ ಮಸೀದಿಯ ಪ್ರವಚನ ಮುಗಿಯುವ ಹೊತ್ತು. ಅಮ್ಮ ಸಣ್ಣ ದನಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಾಳೆ. ಕಿವಿಗೊಟ್ಟೆ. "ಬಾ ಅಣ್ಣ, ಉಣ್ಣು." ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ. ಭಾವ ಎಂಬುದನ್ನು ಅಣ್ಣ ಮಾಡಿಕೊಂಡಿದ್ದಾಳೆ, ಅಷ್ಟೇ ಬದಲಾವಣೆ. ಬರುವ ವಾರ ವೀಸಾ ಕಚೇರಿಯಲ್ಲಿ ನಮ್ಮ ಸರದಿ. ಕೊಡುತ್ತಾರೋ ಇಲ್ಲವೋ ತಿಳಿಯದು. ಕೊಟ್ಟರೂ ಮೆಟ್ಟಿಲು ಸಿಗದಿದ್ದರೆ ಎಲ್ಲಿ ಬಡಿಸುವುದು ಎಂಬುದಕ್ಕೆ ನನ್ನ ಹಾಳೆಗಳಲ್ಲಿ ಉತ್ತರವಿಲ್ಲ.

ಅದಕ್ಕಾಗಿಯೇ ಈ ಪತ್ರಿಕೆಗೆ ಇಷ್ಟು ಬರೆದೆ. ಇದನ್ನು ಓದುವವರಲ್ಲಿ ಹಿಂದೆ ಹಡಗಿನಲ್ಲಿ ದುಡಿದು ಹ್ಯಾಂಬರ್ಗ್‌ನ ಮೀನು ಸಂತೆಗೆ ಹೋದವರು ಯಾರಾದರೂ ಇದ್ದರೆ, ಅಥವಾ ಈಗ ಆ ಊರಿನಲ್ಲೇ ಇರುವವರಿದ್ದರೆ, ಕೆಂಪು ಇಟ್ಟಿಗೆಯ ಕಮಾನಿನ ಪಕ್ಕ ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ಸರಪಳಿಯ ಕಂಬ ನಿಮಗೆ ನೆನಪಿದೆಯೇ? ಆ ಕಂದು ಬಣ್ಣದ ಉದ್ದನೆಯ ಮೀನು ಯಾವುದು? ಗೊತ್ತಿದ್ದವರು ಪತ್ರಿಕೆಯ ಮೂಲಕ ಎರಡು ಸಾಲು ಬರೆದರೆ ಸಾಕು. ಏಪ್ರಿಲ್ ಮಧ್ಯದೊಳಗೆ ಬಂದರೆ ಉಪಕಾರ. ಅಮ್ಮನಿಗೆ ಅಲ್ಲಿ ತುಂಬಾ ಹೊತ್ತು ನಿಂತು ಹುಡುಕಲು ಆಗುವುದಿಲ್ಲ.